ಟೈಗರ್ ಹಿಡಿದ ಬೇಟೆ

ಚಿತ್ತವಾಡ್ಗಿಯ ನಮ್ಮ ಓಣಿಯಲ್ಲಿ ನಾಗಭೂಷಣನಷ್ಟು ದೊಡ್ಡ ಬೇಟೆಗಾರ ಇನ್ನೊಬ್ಬನಿಲ್ಲ. ಅಡುಗೆಮನೆಯಲ್ಲಿ ಜಿರಳೆ ಕಂಡರೆ ಹೆಂಡತಿ ರಮಾಳನ್ನು ಕೂಗಿ ಕರೆಯುತ್ತಾನೆ, ಅದು ಬೇರೆ ಮಾತು. ಸಂಡೂರಿನ ಗಣಿಯೊಂದರಲ್ಲಿ ಅದಿರಿನ ಲಾರಿ ತೂಗುವುದು ಅವನ ಕೆಲಸ. ಮಾತಾಡುವಾಗ ಮಾತ್ರ ತೂಕ ನೋಡುವುದಿಲ್ಲ.

ಹೋದ ವರ್ಷ ಬೆಂಗಳೂರಿನಿಂದ ಒಂದು ಕೆಂಚು ನಾಯಿಮರಿ ತಂದ. ಚೂಪು ಕಿವಿ, ಬೆನ್ನ ಮೇಲೆ ಸುರುಳಿ ಸುತ್ತಿದ ಬಾಲ, ಮೈತುಂಬ ಕಂಬಳಿಯಂಥ ಕೂದಲು. ಥೇಟ್ ನರಿ. ಹೆಸರು ಟೈಗರ್.

“ಪಮೇರಿಯನ್ನೇನೋ?” ಎಂದು ಮನೆಯ ಮಾಲಕಿ ನಿಂಗಕ್ಕ ಕೇಳಿದ್ದೇ ತಪ್ಪಾಯಿತು.

“ಅಲ್ಲಕ್ಕ, ಫಿನ್‌ಲ್ಯಾಂಡಿನ ಸ್ಪಿಟ್ಜ್! ಬ್ಯಾಟಿ ನಾಯಿ. ಅಡವ್ಯಾಗ ಗಿಡದ ಮ್ಯಾಲೆ ಹಕ್ಕಿ ಕಂಡ್ರ ಕೆಳಗ ನಿಂತು ಬೊಗಳ್ತೈತಿ. ಸಾಹೇಬ ಬಂದೂಕು ತಗೊಂಡು ಬರೋತನಕ ಬಾಯಿ ಮುಚ್ಚಂಗಿಲ್ಲ!”

ಅವನು ಉಪ್ಪುಖಾರ ಹಚ್ಚದೆ ಹೇಳಿದ ಮಾತು ಅದೊಂದೇ. ಅಂಗಳದಲ್ಲಿ ನಿಂಗಕ್ಕನ ಬೇವಿನ ಮರವಿದೆ. ಅದರ ತುಂಬ ಗೊರವಂಕ, ಗಿಳಿ, ಅಳಿಲು. ಬೆಳಗಾದರೆ ಟೈಗರ್ ಬುಡದಲ್ಲಿ ನಿಂತು, ಮೇಲೆ ನೋಡುತ್ತ ಬೊಗಳಲು ಶುರುಮಾಡುತ್ತಿತ್ತು. ನಡುನಡುವೆ ತಿರುಗಿ ಯಜಮಾನನನ್ನು ನೋಡುತ್ತಿತ್ತು. ಬಂದೂಕು ತರಬೇಕಾದವನು ಮೊಬೈಲು ತಂದು ವಿಡಿಯೋ ಮಾಡುತ್ತಿದ್ದ. ನನಗೆ ನಾಯಿಯ ಬಗ್ಗೆ ಪಾಪ ಅನ್ನಿಸುತ್ತಿತ್ತು. ಆ ಮನೆಯಲ್ಲಿ ತನ್ನ ಕೆಲಸವನ್ನು ನಿಯತ್ತಾಗಿ ಮಾಡುತ್ತಿದ್ದ ಗಂಡು ಅದೊಂದೇ.

ನಾಯಿ ಸಾಕುವುದೆಂದರೆ ನಾಗಭೂಷಣನ ಪಾಲಿಗೆ ವಿಡಿಯೋ. ಉಳಿದದ್ದೆಲ್ಲ ರಮಾಳದು. ಚಳಿದೇಶದ ಕೂದಲು ಹೊತ್ತು ನಮ್ಮ ಬಿಸಿಲಿಗೆ ಬಂದ ಜೀವಕ್ಕೆ ಒದ್ದೆ ಗೋಣಿಚೀಲ ಹಾಸುವುದು, ಮಜ್ಜಿಗೆ ಅನ್ನ ಕಲಸುವುದು, ಮೈ ಬಾಚುವುದು, ರೊಟ್ಟಿ ಹಿಟ್ಟಿಗೆ ಹಾರಿ ಬಿದ್ದ ಕೂದಲು ಆರಿಸುವುದು. ನಸುಕಿನ ತಂಪಿನಲ್ಲಿ ಕಾಲುವೆ ದಂಡೆಗೆ ಕರೆದುಕೊಂಡು ಹೋಗುವವಳೂ ಅವಳೇ. ಯಜಮಾನರು ಆಗ ಗೊರಕೆ ಹೊಡೆಯುತ್ತಿರುತ್ತಾರೆ.

ಓಣಿಯವರ ಕಿವಿ ತೂತಾದವು. ಕೊನೆಗೆ ನಿಂಗಕ್ಕ ಬಂದು ಹೇಳಿದಳು: “ನೋಡೋ ಭೂಷಣ, ಅಮಾಸಿಯೊಳಗ ನಾಯಿ ಹೋಗ್ಬೇಕು. ಇಲ್ಲಾಂದ್ರ ನೀವು ಮನಿ ಖಾಲಿ ಮಾಡ್ರಿ.” ರಮಾ ಅಂದು ಊಟ ಮಾಡಲಿಲ್ಲ. ಟೈಗರ್‌ನ ಕೊರಳು ತಬ್ಬಿಕೊಂಡು ಮೆಟ್ಟಿಲ ಮೇಲೆ ಕೂತಿದ್ದಳು.

ನಾಗಭೂಷಣನಿಗೆ ಉಪಾಯ ಹೊಳೆಯಿತು. ಕೊಂಬೆ ಇಲ್ಲದಿದ್ದರೆ ಹಕ್ಕಿ ಇಲ್ಲ, ಹಕ್ಕಿ ಇಲ್ಲದಿದ್ದರೆ ಬೊಗಳುವುದೂ ಇಲ್ಲ. ರಮಾ ಕಂಪ್ಲಿಯ ತವರಿಗೆ, ನಿಂಗಕ್ಕ ಪೇಟೆಗೆ ಹೋದ ಒಂದು ಭಾನುವಾರ ಮಧ್ಯಾಹ್ನ ಕೊಡಲಿ ಹಿಡಿದು ಏಣಿ ಹತ್ತಿದ. ಹತ್ತುವ ಮೊದಲು ಮೊಬೈಲನ್ನು ಕಂಪೌಂಡ್ ಗೋಡೆಯ ಮೇಲೆ ನಿಲ್ಲಿಸಿ ವಿಡಿಯೋ ಚಾಲೂ ಮಾಡಿದ್ದ; ಆಮೇಲೆ ಓಣಿಯೆಲ್ಲ ನೋಡಿ ನಕ್ಕದ್ದು ಅದನ್ನೇ. ಏಣಿಯಿಂದ ಮರಕ್ಕೆ ದಾಟಿ ಕೂತು ಒಂದು ಕೊಂಬೆ ಕಡಿದ. ಅದು ಬಿದ್ದದ್ದು ಏಣಿಯ ಮೇಲೆ. ಏಣಿ ನೆಲ ಕಂಡಿತು, ನಾಗಭೂಷಣ ಮೇಲೇ ಉಳಿದ.

ಟೈಗರ್ ತಲೆ ಎತ್ತಿ ನೋಡಿತು. ಇಷ್ಟು ದೊಡ್ಡ ಹಕ್ಕಿಯನ್ನು ಅದು ಕಂಡಿರಲೇ ಇಲ್ಲ. ಬುಡದಲ್ಲಿ ಕಾಲೂರಿ ನಿಂತು, ತನ್ನ ಕುಲದವರು ಹೇಗೆ ಬೊಗಳಬೇಕೋ ಹಾಗೆ ಬೊಗಳಿತು. “ಏ, ಯಾರಾದ್ರೂ ಬರ್ರಿ!” ಎಂದು ಅವನು ಅರಚಿದ್ದು ಆ ಸದ್ದಿನಲ್ಲಿ ಮುಳುಗಿಹೋಯಿತು. ದಿನಾ ಇದ್ದದ್ದೇ ಎಂದುಕೊಂಡು ನಾವು ಕಿಟಕಿ ಹಾಕಿ ಟಿವಿ ಜೋರು ಮಾಡಿದೆವು.

ಸಂಜೆ ನಿಂಗಕ್ಕನೂ ರಮಾಳೂ ಒಟ್ಟಿಗೇ ಗೇಟು ತೆಗೆದರು. ಬೊಗಳುವ ನಾಯಿಗೆ ನಿಂಗಕ್ಕ ಬೈಯುವುದು ಕೇಳಿ ನಾನೂ ಹೊರಗೆ ಬಂದೆ. ನಿಂಗಕ್ಕನನ್ನು ಕಂಡದ್ದೇ ಟೈಗರ್ ಬಾಯಿ ಮುಚ್ಚಿ, ಬಾಲ ಆಡಿಸುತ್ತ ಕೂತಿತು. ಅಂತೂ ಸಾಹೇಬರು ಬಂದಿದ್ದರು. ನಿಂಗಕ್ಕ ಬಿದ್ದ ಕೊಂಬೆಯನ್ನು ನೋಡಿದಳು, ಮೇಲಿದ್ದವನ ಕೈಯ ಕೊಡಲಿಯನ್ನು ನೋಡಿದಳು. ಅದು ಅವಳ ಅತ್ತೆ ನೆಟ್ಟ ಮರ.

“ನನ್ನ ಗಿಡ ಕಡಿಯೋ ಕಳ್ಳನ್ನ ಹಿಡಿದೈತಿ,” ಎಂದು ಟೈಗರ್‌ನ ತಲೆ ಸವರಿದಳು. “ನಾಯಿ ಇಲ್ಲೇ ಇರ್ಲಿ. ರಮಾನೂ ಇರ್ಲಿ. ಅಮಾಸಿಗೆ ನೀನ ಜಾಗ ಖಾಲಿ ಮಾಡು.”

“ಅಕ್ಕಾ, ನಾ ಹೋದ್ರ ನಾಯಿನ ಯಾರು ನೋಡ್ಕೊಂತಾರ?”

“ಇಷ್ಟ್ ದಿನ ಯಾರ್ ನೋಡ್ಕೊಂಡ್ರೋ?”

ಏಣಿ ಬಿದ್ದಲ್ಲೇ ಬಿದ್ದಿತ್ತು. ರಮಾ ಅದನ್ನು ದಾಟಿಕೊಂಡು ಗೋಣಿಚೀಲ ಒದ್ದೆ ಮಾಡಲು ಒಳಗೆ ಹೋದಳು, ಟೈಗರ್ ಅವಳ ಹಿಂದೆ ಹೋಯಿತು.