ಗದ್ದ ಹಿಡಿದ ಕೈ

ನನ್ನ ಮಗನ ಮಗಳು ನೀಲಮ್ಮ ಎರಡು ವರ್ಷದವಳಾದರೂ ಹೆಸರು ಕರೆದರೆ ತಿರುಗುತ್ತಿರಲಿಲ್ಲ. ಕಿವಿ ಕೇಳಿಸುವುದಿಲ್ಲ ಎಂದುಕೊಂಡೆವು. ಆದರೆ ನಮ್ಮೂರು ಮಟಕಿಯ ಆ ತುದಿಯಲ್ಲಿ ಹಿಟ್ಟಿನ ಗಿರಣಿ ಶುರುವಾದರೆ ಈ ತುದಿಯಲ್ಲಿ ಎರಡೂ ಕಿವಿ ಮುಚ್ಚಿಕೊಂಡು ಒದರುತ್ತಿದ್ದಳು. ಕಿವುಡಿ ಹಾಗೆ ಮಾಡುತ್ತಾಳೆಯೇ?

ಕಲಬುರಗಿಯ ಡಾಕ್ಟರು ಆಟಿಸಂ ಅಂದರು.

ಸೊಸೆ ಅತ್ತಳು. ನಾನು ಅಳಲಿಲ್ಲ. ಅತ್ತು ಏನು ಮಾಡುವುದಿತ್ತು. ಕೂಸಿಗೆ ನಾಲ್ಕು ತುಂಬಿದ ಮೇಲೆ ಒಂದು ಥೆರಪಿ ಸೆಂಟರಿಗೆ ಹಾಕಿದೆವು. ಐ ಕಾಂಟ್ಯಾಕ್ಟ್ ಇಲ್ಲ, ಮೊದಲು ಅದನ್ನು ಕಲಿಸಬೇಕು, ಮುಖ ನೋಡಿದರೆ ಮಾತ್ರ ತುತ್ತು ಕೊಡಿ ಎಂದು ಅಲ್ಲಿಯವರು ಹೇಳಿದರು. ಮಗ, ಸೊಸೆ ಹೊಲಕ್ಕೆ ಹೋಗುವವರು. ಉಣಿಸುವವಳು ಅಜ್ಜಿ ನಾನು, ಅವಳ ಆಯಿ.

ನಾನೇ ಮಾಡಿದೆ. ಸುಳ್ಳು ಯಾಕೆ ಹೇಳಲಿ. ಎಡಗೈಯಲ್ಲಿ ಗದ್ದ ಹಿಡಿದು, ಬಲಗೈಯಲ್ಲಿ ಹಾಲುರೊಟ್ಟಿಯ ತುತ್ತು ಹಿಡಿದು, "ಆಯಿ ಕಡೆ ನೋಡು" ಎನ್ನುತ್ತಿದ್ದೆ. ಮೂರು ತಿಂಗಳು. ಕೂಸು ನೋಡುತ್ತಿತ್ತು, ಕಣ್ಣಲ್ಲಿ ನೀರು ಸುರಿಸುತ್ತ ನುಂಗುತ್ತಿತ್ತು. ಸುಧಾರಣೆ ಇದೆ ಎಂದು ಸೆಂಟರಿನವರು ಬರೆದರು.

ಒಂದು ದಿನ ನನ್ನ ಕೈ ಕಂಡದ್ದೇ ಕೂಸು ಬಾಯಿ ಮುಚ್ಚಿತು.

ಆಮೇಲೆ ನನ್ನಿಂದ ಒಂದು ತುತ್ತೂ ತಿನ್ನಲಿಲ್ಲ. ಸೊಸೆ ಕೊಟ್ಟರೆ ಒಂದಿಷ್ಟು ಹಾಲು, ಅಷ್ಟೆ. ಪಕ್ಕೆಲುಬು ಎದ್ದು ಕಾಣತೊಡಗಿದವು.

ಆಳಂದಕ್ಕೆ ವಾರಕ್ಕೊಮ್ಮೆ ಜೇವರ್ಗಿ ಕಡೆಯ ಒಬ್ಬ ಸೈಕಾಲಜಿಸ್ಟ್ ಬರುತ್ತಾರೆ, ನಸೀಮಾ ಮೇಡಂ. ಅವರಲ್ಲಿಗೆ ಹೋದೆವು. ನೀಲಮ್ಮ ಗೋಡೆಗೆ ಮುಖ ಮಾಡಿ ಕುಳಿತಳು. ಮೇಡಂ ಅವಳನ್ನು ಮುಟ್ಟಲಿಲ್ಲ, ಕರೆಯಲಿಲ್ಲ. ತಾವೂ ಕೆಳಗೆ ಕುಳಿತು ನನ್ನನ್ನು ಕೇಳಿದರು.

"ಆಯಿ, ಲಗ್ನಾಗಿ ಬಂದಾಗ ನೀವು ನಿಮ್ಮ ಅತ್ತಿ ಮಾರಿ ನೋಡಿ ಮಾತಾಡತಿದ್ರೇನ್ರಿ?"

"ಅದೆಲ್ಲಿದವ್ವಾ. ಸೆರಗು ಮೂಗಿನ ತನಕ ಇರ್ತಿತ್ತು. ಹನ್ನೆರಡು ವರ್ಷ ಆಕಿ ಕಾಲಷ್ಟೇ ನೋಡೀನಿ. ಮಾರಿ ಮರ್ತೀನಿ, ಕಾಲುಂಗುರ ನೆನಪದ."

"ಆಕಿ ಹೇಳಿದ್ದು ಕೇಳಸ್ತಿರಲಿಲ್ಲೇನ್ರಿ?"

"ಎಲ್ಲಾ ಕೇಳಸ್ತಿತ್ತು. ಬೈದದ್ದು ಸುದ್ದಾ."

ಮೇಡಂ ನಕ್ಕರು. "ನಮ್ಮ ಅಮ್ಮೀದೂ ಅದೇ ಕಥಿ. ಮತ್ತ ನಿಮಗ ಯಾರರೆ ಥೆರಪಿ ಕೊಡಿಸಿದ್ರೇನ್ರಿ?"

ನಾನು ಗೋಡೆಯ ಕಡೆ ಕುಳಿತ ನೀಲಮ್ಮನನ್ನು ನೋಡಿದೆ.

"ನೀವು ಅಂಜಿ ನೋಡಲಿಲ್ಲ, ಈಕಿಗೆ ತ್ರಾಸಾಗ್ತದಂತ ನೋಡಂಗಿಲ್ಲ. ಮಾರಿ ನೋಡೋದಂದ್ರ ಈಕಿಗೆ ಬ್ಯಾಸಗಿ ಸೂರ್ಯನ್ನ ನೋಡಿದಂಗ್ರಿ. ಇದು ಬಿಡಿಸೋ ಬ್ಯಾನಿ ಅಲ್ಲ, ಈಕಿ ಇರೋದೇ ಹಿಂಗ. ಗದ್ದ ಬಿಡ್ರಿ. ಈಕಿಗೆ ಏನು ಸೇರ್ತದ, ಅದನ್ನ ಹೇಳ್ರಿ."

ನಾನು ರೊಟ್ಟಿ ಬಡಿಯುವ ಸಪ್ಪಳ ಅವಳಿಗೆ ಸೇರುತ್ತಿತ್ತು. ಮೊದಲೆಲ್ಲ ನನ್ನ ಹಿಂದೆ ಬಂದು ಕೂರುತ್ತಿದ್ದಳು. ಹೇಳಿದೆ.

"ಅಲ್ಲಿಂದನೇ ಶುರು ಮಾಡ್ರಿ" ಎಂದರು.

ಮಗ ಗೊಣಗಿದ. "ಹಿಂಗೇ ಬಿಟ್ರ ಮಂದಿ ಏನಂತಾರವ್ವಾ?"

"ಮಂದಿ ಬಂದು ಉಣಸ್ತಾರೇನೋ?" ಎಂದೆ. ಆ ಸೆಂಟರಿಗೆ ಮತ್ತೆ ಕಾಲಿಡಲಿಲ್ಲ.

ದಿನಾ ರೊಟ್ಟಿ ಬಡಿಯುತ್ತ, ಗರಿಗರಿ ಬೆಂದದ್ದರಲ್ಲಿ ಒಂದು ತುಂಡು ಮುರಿದು ನನ್ನ ಹಿಂದೆ ಇಡುತ್ತಿದ್ದೆ. ನಾನು ತಿರುಗುತ್ತಿರಲಿಲ್ಲ, ಕರೆಯುತ್ತಿರಲಿಲ್ಲ. ಸಂಜೆ ಅದನ್ನು ಕೋಳಿಗೆ ಹಾಕುತ್ತಿದ್ದೆ. ಹನ್ನೊಂದು ದಿನ ಕೋಳಿಯೇ ತಿಂದಿತು.

ಹನ್ನೆರಡನೆಯ ದಿನ ನನ್ನ ಬೆನ್ನ ಹಿಂದೆ ಕರ್ ಎಂದು ರೊಟ್ಟಿ ಕಡಿದ ಸಪ್ಪಳ ಕೇಳಿತು.

ನಾನು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

ಮೊನ್ನೆ ಅಫಜಲಪುರದಿಂದ ನನ್ನ ನಾದಿನಿ ಬಂದಿದ್ದಳು. ಬಂದವಳೇ ಕೂಸಿನ ಗದ್ದ ಹಿಡಿದಳು. "ಮಾರಿ ಮ್ಯಾಲೆತ್ತ ಬೇ. ಮಂದೀನ ನೋಡಾಕ ಬರಂಗಿಲ್ಲೇನು?"

ಅವಳ ಕೈ ಹಿಡಿದು ತೆಗೆದೆ. "ನಿಮ್ಮವ್ವನ ಮಾರಿ ನಾನು ಹನ್ನೆರಡು ವರ್ಷ ನೋಡಿಲ್ಲ. ಆವಾಗ ಚಲೋ ಸೊಸಿ ಅಂತಿದ್ರಿ. ಈಗ ನನ್ನ ಮೊಮ್ಮಗಳಿಗೆ ಕಲಸಾಕ ಬಂದೀಯೇನು?"

ಅವಳು ಚಹಾ ಕುಡಿಯದೆ ಹೋದಳು. ಹೋಗಲಿ.

ನೀಲಮ್ಮನಿಗೆ ಈಗ ಆರು. ಮಾತು ಬಂದಿಲ್ಲ, ಬರುತ್ತದೋ ಇಲ್ಲವೋ ಮೇಡಂ ಕೂಡ ಹೇಳುವುದಿಲ್ಲ. ನನ್ನ ಮುಖ ನೋಡುವುದಿಲ್ಲ. ಉಣ್ಣುವಾಗ ನನ್ನ ಬೆನ್ನಿಗೆ ಬೆನ್ನು ಆನಿಸಿ ಕೂರುತ್ತಾಳೆ. ಮೊದಲು ಹಾಗೆ ಕೂತರೆ ಕೂತದ್ದೇ ತಿಳಿಯುತ್ತಿರಲಿಲ್ಲ. ಈಗ ಭಾರವಾಗಿದ್ದಾಳೆ, ನನ್ನ ಬೆನ್ನು ನೋಯುತ್ತದೆ. ನೋಯಲಿ.