ಮಾವ ಕೊಟ್ಟ ಡಬ್ಬಿ ಲಾರಿಗೆ ಹೋಯಿತು

ಗೆಳೆಯರೇ, ಇಂದು ಬೆಳಿಗ್ಗೆ ಹತ್ತು ಗಂಟೆಗೆ, ನನ್ನ ಹೆಂಡತಿಗೆ ತವರಿನಿಂದ ಬಂದ ಸ್ಟೀಲಿನ ಅಕ್ಕಿ ಡಬ್ಬಿಗೆ ತೂತು ಕೊರೆಯಲಾಗಿದೆ. ಮಾಡಿಸಿದವನು ನನ್ನ ತಮ್ಮ ಬಸವರಾಜ. ಸಿರುಗುಪ್ಪದಿಂದ ಭತ್ತ ಹೊರುವ ಅವನ ಹಳೆಯ ಡೀಸೆಲ್ ಲಾರಿಯಲ್ಲಿ ಏರ್ ಫಿಲ್ಟರ್ ಕೂರುವ ಡಬ್ಬ ಒಡೆದಿತ್ತು. ಹಾಗೇ ಓಡಿಸಿದರೆ ಧೂಳು ನುಗ್ಗಿ ಎಂಜಿನ್ನೇ ಹೋಗುತ್ತಿತ್ತು. ಆ ಅಳತೆಯದು ಬಳ್ಳಾರಿಯ ಯಾವ ಅಂಗಡಿಯಲ್ಲೂ ಸಿಗಲಿಲ್ಲ. ಫಿಲ್ಟರ್ ನಮ್ಮ ಡಬ್ಬಿಯೊಳಗೆ ಅಳೆದು ಮಾಡಿಸಿದಂತೆ ಕೂತಿತು.

ಕುರುಗೋಡಿನಲ್ಲಿ ವೆಲ್ಡಿಂಗ್ ಮಾಡುವ ಖಾದರ್ ಸಾಬರು, ಎಂಜಿನ್ನಿಗೆ ಗಾಳಿ ಒಯ್ಯುವ ಪೈಪಿಗೆ ತೂತು ಕೊರೆಯುವ ಮುನ್ನ ಕೈ ತಡೆದರು. "ಅಕ್ಕಾರ, ಪೈಪು ಬರೋ ಜಾಗದಾಗ ನಿಮ್ಮಪ್ಪಾರ ಹೆಸರು ಕೆತ್ತೈತ್ರೀ."

"ಹೆಸರು ಮುಟ್ಟಬ್ಯಾಡ್ರಿ. ಹಿಂದ ಕೊರೀರಿ, ಪೈಪು ಸುತ್ತಿಕೊಂಡು ಬರಲಿ," ಎಂದಳು ನನ್ನ ಹೆಂಡತಿ. ಆಮೇಲೆ ತಮ್ಮನಿಗೆ, "ಲೇ ಬಸ್ಯಾ, ಇನ್ನ ನಿಧಾನ ಹೊಡಿ. ನಮ್ಮಪ್ಪ ಕುಂತಾನ ಅದರಾಗ."

ಲಾರಿ ಕೆಮ್ಮದೆ ಹೊರಟಿತು. ಸಂತೋಷ. ಆದರೆ ಹದಿನೆಂಟು ವರ್ಷಗಳ ಹಿಂದೆ, ಪುಸ್ತಕಗಳನ್ನು ಗೆದ್ದಲಿನಿಂದ ಉಳಿಸಲು ನಾನು ಇದೇ ಡಬ್ಬಿ ಕೇಳಿದ್ದಾಗ, "ಅಪ್ಪ ಕೊಟ್ಟಿದ್ದು, ಕೊಡಂಗಿಲ್ಲ" ಎಂದಿದ್ದಳು. ಗಂಡನಿಗೆ ಸಿಗದ ಡಬ್ಬಿ ಮೈದುನನಿಗೆ ಹೇಗೆ ಸಿಕ್ಕಿತು? ಅವಳೂ ಇದನ್ನು ಓದುತ್ತಾಳೆ. ಉತ್ತರವನ್ನು ಅಡುಗೆಮನೆಯಲ್ಲಿ ಅಲ್ಲ, ಇಲ್ಲೇ, ನಿಮ್ಮೆಲ್ಲರೆದುರು ಕೊಡಬೇಕು.