ಭಾವನ ಬೈಕು ಬೆಟ್ಟ ಹತ್ತಿದ್ದು

ಹೋದ ವಾರ ಚಾಮರಾಜನಗರದ ಹಾರ್ಡ್‌ವೇರ್ ಅಂಗಡಿಯಲ್ಲಿ ಗೇಟಿನ ತುಕ್ಕು ತೆಗೆಯಲು ಎಮರಿ ಕಾಗದ ಕೇಳಿದೆ. ಹಾಳೆಯ ಅಂಟಿನ ವಾಸನೆ ಮೂಗಿಗೆ ಬಡಿದದ್ದೇ ಭಾವ ನೆನಪಾದರು...

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ನಾನು ಗುಂಡ್ಲುಪೇಟೆಯಲ್ಲಿ ಹೊಸದಾಗಿ ಟೀಚರ್ ಕೆಲಸಕ್ಕೆ ಸೇರಿ ಅಕ್ಕನ ಮನೆಯಲ್ಲಿದ್ದೆ. ಸಂತೆಗಳಲ್ಲಿ ಬಟ್ಟೆ ಮಾರುತ್ತಿದ್ದ ಭಾವನಿಗೆ ಒಂದು ಹಳೆಯ ಟೂ-ಸ್ಟ್ರೋಕ್ ಬೈಕಿತ್ತು. ಅಕ್ಕನನ್ನು ಕೂರಿಸಿಕೊಂಡು ಗೋಪಾಲಸ್ವಾಮಿ ಬೆಟ್ಟಕ್ಕೆ ಹೊರಟರೆ ಅರ್ಧ ದಾರಿಗೇ ಅದರ ಉಸಿರು ಕಟ್ಟುತ್ತಿತ್ತು. ಬಾಡಿಗೆ ಜೀಪಿನಲ್ಲಿ ಹೋಗಲು ಭಾವ ಒಪ್ಪುತ್ತಿರಲಿಲ್ಲ.

ಕೊನೆಗೆ ಇಂಜಿನ್ನಿನೊಳಕ್ಕೆ ಗಾಳಿ, ಪೆಟ್ರೋಲ್ ಹೋಗುವ ದಾರಿಯನ್ನೇ ಅಗಲ ಮಾಡಲು ಜಗುಲಿಯ ಮೇಲೆ ಕೂತರು. ಡ್ರಿಲ್ ಮೆಷಿನ್ನಿನ ಉಜ್ಜುಗಲ್ಲಿಗೆ ಇಂಜಿನ್ನಿನ ಅಲ್ಯೂಮಿನಿಯಂ ಮೆತ್ತಿಕೊಳ್ಳುತ್ತದೆಂದು ಅದನ್ನು ಬದಿಗಿಟ್ಟರು. ದುಂಡು ಅರದಿಂದ ತರಿ ತೆಗೆದು, ಸೀಳಿದ ಕಡ್ಡಿಗೆ ಎಮರಿ ಸುತ್ತಿ, ಸೀಮೆಎಣ್ಣೆ ಹಚ್ಚಿ ಉಜ್ಜುತ್ತಿದ್ದರು. ಎಷ್ಟು ಒರಟೆಂದು ತಿಳಿಸುವ, ಹಾಳೆಯ ಹಿಂದಿನ ನಂಬರ್ ನೋಡುತ್ತಿರಲಿಲ್ಲ. ಬಟ್ಟೆ ನೋಡುವಂತೆ ಹೆಬ್ಬೆರಳಲ್ಲಿ ಸವರಿ ಆರಿಸುತ್ತಿದ್ದರು.

ಒಂದು ಭಾನುವಾರ, ಆಗಲೇ ನುಣುಪಾಗಿದ್ದ ಜಾಗಕ್ಕೆ ಒರಟು ಹಾಳೆ ಹಾಕಿ ಎಳೆದುಬಿಟ್ಟರು. ಉದ್ದಕ್ಕೂ ಗೀರು ಬಿತ್ತು.

“ಭಾವ, ಅದು ಒರಟು ಹಾಳೆ!” ಎಂದೆ.

ಅವರು ಹಾಳೆಯನ್ನು ಸವರಿದರು. ಮತ್ತೆ ಸವರಿದರು. ಆಮೇಲೆ ಕೆನ್ನೆಗೆ ಒತ್ತಿ ನೋಡಿದರು.

“ಬೆರಳ್ಗೆ ಏನೂ ಗೊತ್ತಾಯ್ತಾ ಇಲ್ಲ ಕಣಮ್ಮಿ... ನಿಮ್ಮಕ್ಕಂಗೆ ಯೋಳ್ಬ್ಯಾಡ.”

ನಾನು ಅಂದೇ ಅಕ್ಕನಿಗೆ ಹೇಳಿದೆ. ನರಗಳ ಕಾಯಿಲೆ, ಬರಬರುತ್ತಾ ಕಾಲಿಗೂ ಇಳಿಯುತ್ತದೆ ಎಂದರು ಮೈಸೂರಿನ ಡಾಕ್ಟರು.

ಉಳಿದ ಕೆಲಸವನ್ನು ಭಾವ ಪಕ್ಕದಲ್ಲಿ ಕೂತು ಹೇಳಿದಂತೆ ಎಷ್ಟೋ ಭಾನುವಾರ ನಾನೇ ಮಾಡಿದೆ. “ಸಾಕು ಬುಡು, ಕನ್ನಡಿ ಮಾಡ್ಬ್ಯಾಡ” ಎಂದು ನಗುತ್ತಿದ್ದರು. ಗಾಡಿ ಸಿದ್ಧವಾಗುವ ಹೊತ್ತಿಗೆ ಅವರ ಕೈಗೆ ಕ್ಲಚ್ ಒತ್ತಲು ಬರುತ್ತಿರಲಿಲ್ಲ.

“ನೀನೇ ಅಕ್ಕನ್ನ ಕರ್ಕಂಡೋಗು,” ಎಂದರು. ನನಗೆ ಬೈಕ್ ಕಲಿಸಿದ್ದೂ ಅವರೇ.

ಬೆಟ್ಟದ ಬುಡದವರೆಗೆ ಭಾವ ಆಟೋದಲ್ಲಿ ಬಂದು ಅಲ್ಲೇ ಉಳಿದರು. ಗಾಡಿ ಎಲ್ಲೂ ತಡವರಿಸದೆ ಹತ್ತಿತು. ಅಕ್ಕ ನನ್ನ ಹೆಗಲು ಹಿಡಿದು ತಿರುವು ತಿರುವಿಗೂ ಅಳುತ್ತಿದ್ದಳು. ಇಳಿದು ಬಂದಾಗ ಭಾವ ಆಟೋಗೆ ಒರಗಿ ನಿಂತಿದ್ದರು.

“ಎಲ್ಲೂ ನಿಲ್ನಿಲ್ಲ. ಸದ್ದು ಕೇಳುಸ್ಕತಾನೇ ಇದ್ದೆ,” ಎಂದರು. ಮುಖ ತುಂಬಾ ನಗು... ನನಗೆ ಅದನ್ನು ನೋಡಲಾಗಲಿಲ್ಲ.

ಕೆಲವು ವರ್ಷ ಹಾಸಿಗೆ ಹಿಡಿದು ಭಾವ ತೀರಿಕೊಂಡರು.

ಈಗ ಬೆಟ್ಟದ ಮೇಲಕ್ಕೆ ಸರ್ಕಾರಿ ಬಸ್ಸಿದೆ. ಹೋಗಿಬರೋಣ ಬಾ ಎಂದು ಮೊನ್ನೆಯೂ ಅಕ್ಕನನ್ನು ಕರೆದೆ.

“ಅವ್ರಿಲ್ದೆ ಒಂದ್ಸಲ ಓಗಿದ್ದೇ ಸಾಕು ಕಣಮ್ಮಿ,” ಎಂದಳು.